ಕೆಂಪು ಕಾರಿನ ಸೀಟಿನಡಿ

ನಾನು ಓದಿದ್ದು ನಾಲ್ಕನೇ ಕ್ಲಾಸು, ಹೊಲಿದದ್ದು ಮೂವತ್ತೊಂದು ವರ್ಷ. ಬಟ್ಟೆಯಲ್ಲ, ಗಾಡಿಗಳ ಸೀಟು. ನಂಜನಗೂಡಿನಲ್ಲಿ ಮೈಸೂರು ರಸ್ತೆಗೆ ಮುಖ ಮಾಡಿದ್ದ ಒಂದು ಕುಶನ್ ಅಂಗಡಿಯಲ್ಲಿ ಕೂತು, ಟ್ರ್ಯಾಕ್ಟರಿನಿಂದ ಹಿಡಿದು ಮದುಮಕ್ಕಳನ್ನು ಕೂರಿಸುವ ಕಾರಿನವರೆಗೆ ಎಲ್ಲದರ ಮೇಲೂ ಸೂಜಿ ಆಡಿಸಿದ್ದೇನೆ. ಕಣ್ಣು ಮಂಜಾದ ಮೇಲೆ ಬಿಟ್ಟೆ. ಈಗ ನಮ್ಮ ಬೀದಿಯ ಹೊಲಿಗೆ ತರಬೇತಿಗೆ ಬರುವ ಹೆಣ್ಣುಮಕ್ಕಳಲ್ಲಿ ಮೂವರು ರವಿಕೆ ಬಿಟ್ಟು ಸೀಟಿನ ಕೆಲಸಕ್ಕೆ ಹೋಗುತ್ತೇವೆ ಅನ್ನುತ್ತಿದ್ದಾರೆ. ಹೋಗಲಿ. ಹೋಗುವ ಮೊದಲು ಇದನ್ನು ಓದಿಕೊಳ್ಳಲಿ.

ಬರೆಯುವ ಹಟ ಹುಟ್ಟಿಸಿದ್ದು ಮಾತ್ರ ಒಂದು ಕೆಂಪು ಕಾರು. ನನ್ನ ಮೊಮ್ಮಗಳು ರಮ್ಯ ಅದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಳ್ಳಲು ಹೊರಟಿದ್ದಳು. ಕೊಳ್ಳಲೋ ಬೇಡವೋ ಎಂದು ನನ್ನನ್ನು ಕೇಳಿದಳು. ಉತ್ತರ ಹೇಳಬೇಕಾದರೆ ನಾನು ನನ್ನ ಹಳೆಯ ಹೊಲಿಗೆಯನ್ನೇ ಬಿಚ್ಚಬೇಕಾಯಿತು. ಅಲ್ಲಿಗೆ ಬರುತ್ತೇನೆ. ಮೊದಲು ಕೆಲಸ ಎಂಥದು ಎಂದು ತಿಳಿಯಿರಿ.

ಈ ಕೆಲಸದಲ್ಲಿ ಮೊದಲು ಹೋಗುವುದು ಬೆರಳು, ಆಮೇಲೆ ಸೊಂಟ. ರೆಕ್ಸಿನ್ ಬೇಸಿಗೆಯಲ್ಲಿ ಮೆತ್ತಗಾಗುತ್ತದೆ, ಚಳಿಯಲ್ಲಿ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಬರುವ ಸೀಟುಗಳು ತೊಳೆದು ಬರುವುದಿಲ್ಲ. ಬೆವರು, ಎಲೆಅಡಿಕೆ, ಮಕ್ಕಳ ವಾಂತಿ ಎಲ್ಲ ಒಣಗಿ ಕೂತಿರುತ್ತವೆ. ಬಿಚ್ಚಿದರೆ ಒಳಗೆ ಕಡಲೇಕಾಯಿ ಸಿಪ್ಪೆ, ಪಿನ್ನು, ಪ್ರಸಾದದ ಪೊಟ್ಟಣ, ಒಂದು ಸಲ ಯಾರದೋ ಹಲ್ಲಿನ ಸೆಟ್ಟು. ಮೂಗು ಮುರಿಯುವವರು ಈ ಕೆಲಸಕ್ಕೆ ಬರಬೇಡಿ.

ಅಂಗಡಿಯ ಯಜಮಾನರು ಸಿದ್ದಪ್ಪ ಮೇಸ್ತ್ರಿ, ಹೆಮ್ಮರಗಾಲದ ಕಡೆಯವರು. ಬೈಯುತ್ತಿರಲಿಲ್ಲ. ಹೊಲಿಗೆ ಸೊಟ್ಟಗಿದ್ದರೆ ಬ್ಲೇಡಿನಲ್ಲಿ ಸರ್ರನೆ ಕುಯ್ದು ಸೀಟನ್ನು ಮತ್ತೆ ನನ್ನ ಮಡಿಲಿಗೆ ಹಾಕುತ್ತಿದ್ದರು, ಅಷ್ಟೇ. ಅದಕ್ಕಿಂತ ಬೈದಿದ್ದರೆ ವಾಸಿ ಅನ್ನಿಸುತ್ತಿತ್ತು. ನಾನು ಎಡಗೈಯವಳು. ಮಿಷನ್ ತಿರುಗದ ಮೂಲೆಗಳಲ್ಲಿ ಕೈಯಲ್ಲೇ ಮೂರು ಹೊಲಿಗೆ ಹಾಕಬೇಕಾಗುತ್ತಿತ್ತು. ಬೇರೆಯವರದು ಬಲಕ್ಕೆ ವಾಲಿದರೆ ನನ್ನದು ಎಡಕ್ಕೆ ವಾಲುತ್ತಿತ್ತು. ಮೇಸ್ತ್ರಿ ಎಷ್ಟು ಬಿಚ್ಚಿದರೂ ಅದೊಂದು ತಿದ್ದಲಿಲ್ಲ. ಕೊನೆಗೆ ಅವರೇ ಸುಮ್ಮನಾದರು.

ಮೊದಮೊದಲು ನಾನು ಮಾಡಿದ ಹುಚ್ಚು ಕೆಲಸ ಒಂದಿದೆ. ನಂಜನಗೂಡಿಗೂ ತಿ. ನರಸೀಪುರಕ್ಕೂ ಓಡುವ ಖಾಸಗಿ ಬಸ್ಸಿನ ಡ್ರೈವರೊಬ್ಬರು ಸೊಂಟ ನೋವು ಎಂದು ಬಂದರು. ಪಾಪ ಎಂದುಕೊಂಡು ನಾರು, ಹತ್ತಿ ಎಲ್ಲ ತುಂಬಿ ಮೆತ್ತಗೆ ಮಾಡಿಕೊಟ್ಟೆ. ಎಂಟೇ ದಿನಕ್ಕೆ ಬಗ್ಗಿಕೊಂಡು ಬಂದರು.

"ಏನವ್ವ, ಬಾಣಂತಿ ಹಾಸ್ಗೆ ಮಾಡ್ಕೊಟ್ಟಿದ್ದೀಯಲ್ಲ. ಬ್ರೇಕ್ ತುಳುದ್ರೆ ಬಸ್ ನಿಲ್ಲಾಕಿಲ್ಲ, ನಾನು ಒಳಕ್ ಓಯ್ತೀನಿ."

ಮೇಸ್ತ್ರಿ ನನ್ನನ್ನು ಆ ಬಸ್ಸಿಗೇ ಹತ್ತಿಸಿದರು. ನರಸೀಪುರಕ್ಕೆ ಹೋಗಿ ಬರುವಷ್ಟೂ ಹೊತ್ತು ಗೇರಿನ ಪಕ್ಕ ನಿಂತು ಆ ಮನುಷ್ಯ ಹೇಗೆ ಕೂರುತ್ತಾರೆ ಎಂದು ನೋಡಿದೆ. ಅವರು ಕೂರುತ್ತಿದ್ದದ್ದು ಬಲ ಕುಂಡೆಯ ಮೇಲೆ ಮಾತ್ರ. ಕುಳ್ಳ ಮನುಷ್ಯ, ಕ್ಲಚ್ಚಿಗೆ ಕಾಲು ಎಟುಕದೆ ಎಡಗಡೆ ಜಾರಿಕೊಂಡೇ ಇರುತ್ತಿದ್ದರು. ಸೀಟಿನ ಎಡಗಡೆ ಅಂಚನ್ನು ಎರಡು ಬೆರಳು ತಗ್ಗಿಸಿ, ಗಟ್ಟಿಯಾಗಿ ಕಟ್ಟಿಕೊಟ್ಟೆ. ಆಮೇಲೆ ಅವರು ನೋವು ಅಂದದ್ದು ಕೇಳಲಿಲ್ಲ. ಗಿರಾಕಿ ಹೇಳಿದ್ದನ್ನು ಕೇಳಿ, ಆದರೆ ಅವನು ಕೂರುವುದನ್ನು ನೋಡಿ. ನನಗೆ ಗೊತ್ತಿರುವ ವಿದ್ಯೆಯಲ್ಲಿ ಅರ್ಧ ಇಷ್ಟೇ.

ಆಮೇಲೆ ನಾರು ಹೋಗಿ ಫೋಮ್ ಬಂತು. ಫೋಮನ್ನು ಬಿಲ್ಲೆ ಬಿಲ್ಲೆಯಾಗಿ ಕುಯ್ದು ಅಂಟಿಸುವ ಕಾಲ. ಅದೂ ಹೋಗಿ ರೆಡಿಮೇಡ್ ಕವರ್ ಬಂತು. ಚೀಲದ ಹಾಗೆ ತೊಡಿಸಿ ಎಳೆದು ಕಟ್ಟಿದರೆ ಮುಗಿಯಿತು. ಆ ಕಾಲದಲ್ಲೇ ಕಾರಿನ ಸೀಟಿನ ಮಗ್ಗುಲಲ್ಲಿ ಗಾಳಿಚೀಲ ಬರತೊಡಗಿತು, ಏರ್‌ಬ್ಯಾಗ್. ಕಾರು ಗುದ್ದಿದರೆ ಸೀಟಿನ ಹೊಲಿಗೆ ಹರಿದುಕೊಂಡು ಅದು ಉಬ್ಬಿ ಹೊರಗೆ ಬರಬೇಕು. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ಕಾರಿನ ಸೀಟಿನ ಮಗ್ಗುಲಲ್ಲಿ ಇಂಗ್ಲಿಷಿನ ಸಣ್ಣ ಪಟ್ಟಿ ಇತ್ತು. ಕಂಪನಿಯ ಹೆಸರಿರಬೇಕು, ಕೂತವರಿಗೆ ಚುಚ್ಚುತ್ತದೆ ಎಂದು ಕತ್ತರಿಸಿ ಬಿಸಾಡಿದೆ. ಅದರ ಮೇಲೆ ನೈಲಾನ್ ದಾರದಲ್ಲಿ ಮೂರು ಸಾಲು ಹೊಲಿಗೆ ಹಾಕಿದೆ. ಗಟ್ಟಿಯಾಗಿರಲಿ ಎಂದು.

ಮೈಸೂರಿನ ಸರ್ವಿಸಿನ ಹುಡುಗನೊಬ್ಬ ಆ ಕಾರನ್ನು ಕಂಡು ನೇರ ಅಂಗಡಿಗೇ ಬಂದ. ಕೂಗಾಡಲಿಲ್ಲ. ಕುಳಿತುಕೊಂಡು ಬಿಡಿಸಿ ಹೇಳಿದ. ಈ ಹೊಲಿಗೆ ಇದ್ದರೆ ಚೀಲ ಒಳಗೇ ಒಡೆದು ಸಾಯುತ್ತದೆ, ಜೊತೆಗೆ ಕೂತವನೂ. ಆ ಮೂರು ಸಾಲನ್ನೂ ಅವನೆದುರೇ ಬಿಚ್ಚಿದೆ. ಅವನೇ ಮತ್ತೊಂದು ತೋರಿಸಿದ. ಬೀಗದ ಕೈ ತಿರುಗಿಸಿದಾಗ ಎದುರಿಗೆ ದೀಪಗಳೆಲ್ಲ ಒಮ್ಮೆ ಹೊತ್ತಿಕೊಳ್ಳಬೇಕು. ಅದರಲ್ಲಿ ಒಬ್ಬ ಮನುಷ್ಯನ ಮುಂದೆ ಗುಂಡನೆಯ ಚೆಂಡಿನಂಥ ಚಿತ್ರವೂ ಹೊತ್ತಿ, ಮೂರು ನಾಲ್ಕು ಎಣಿಸುವಷ್ಟರಲ್ಲಿ ಆರಬೇಕು. ಆರದಿದ್ದರೆ ಚೀಲ ಕೆಟ್ಟಿದೆ. ಹೊತ್ತಿಕೊಳ್ಳದೇ ಇದ್ದರೆ ಯಾರೋ ಕೆಟ್ಟದ್ದನ್ನು ಮುಚ್ಚಿಟ್ಟಿದ್ದಾರೆ. ಇಂಗ್ಲಿಷ್ ಓದಲು ಬರದವಳಿಗೆ ಚಿತ್ರ ನೆನಪಿರುತ್ತದೆ. ಅದು ನನಗೆ ಇವತ್ತಿಗೂ ಇದೆ.

ಇನ್ನು ರಮ್ಯನ ಕಾರಿನ ವಿಚಾರ.

ರಮ್ಯ ನನ್ನ ಮಗಳ ಮಗಳು. ನರಸೀಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಗಾಡಿ ಓಡಿಸುವ ಹುಚ್ಚು ಚಿಕ್ಕಂದಿನಿಂದ. ಅವಳ ಅಮ್ಮ ಚಿಕ್ಕದಾಗಿ, ಚೊಕ್ಕವಾಗಿ ಇರುವ ಯಾವುದಾದರೂ ಕಾರು ನೋಡು ಎಂದರೆ ಕೇಳಲಿಲ್ಲ. ಈ ಕೆಂಪು ಕಾರು ನೆಲಕ್ಕೆ ಅಂಟಿಕೊಂಡ ಹಾಗಿತ್ತು. ದೊಡ್ಡ ಚಕ್ರ, ಹಿಂದೆ ಒಂದು ರೆಕ್ಕೆ, ಸ್ಟಾರ್ಟ್ ಮಾಡಿದರೆ ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುವಂಥ ಸದ್ದು. ಯಜಮಾನ ಮಹೇಶ, ಸೋಮನಾಥಪುರದ ಹತ್ತಿರ ಕಬ್ಬು ಬೆಳೆಯುವವನು. ಎರಡು ವರ್ಷದ ಹಿಂದೆ ಅವನೂ ಸೆಕೆಂಡ್‌ಹ್ಯಾಂಡಿನಲ್ಲೇ ಆಸೆಪಟ್ಟು ಕೊಂಡವನು. ಕಾಲುವೆ ದಾರಿಯಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ, ಜೊತೆಗೆ ಹೆಂಡತಿ ತುಂಬು ಬಸುರಿ, ಇದರೊಳಗೆ ಕೂರುವುದು ಬಾವಿಗೆ ಇಳಿದ ಹಾಗೆ ಅನ್ನುತ್ತಾಳೆ ಎಂದು ಮಾರಲು ಹೊರಟಿದ್ದ.

ರಮ್ಯ ದಡ್ಡಿಯಲ್ಲ. ಆ ಮಾಡೆಲ್ಲಿನ ಗೇರು ತಕರಾರು ಎಂದು ಫೋನಿನಲ್ಲಿ ಓದಿದ್ದಳು. ಸಾಮಾನು ಬೇಗ ಸಿಗುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕು ಎಂದೂ ಗೊತ್ತಿತ್ತು. ಒಳ್ಳೆಯದು ಒಂದು ಕಡೆ, ಕೆಟ್ಟದ್ದು ಒಂದು ಕಡೆ ಬರೆದುಕೊಂಡಿದ್ದಳು. ತಾಂಡವಪುರದ ಹತ್ತಿರ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದ್ದಳು. ಗೇರು ನಾಜೂಕು, ಜೋಪಾನವಾಗಿ ಓಡಿಸಬೇಕು, ಇಂಜಿನ್ ಚೆನ್ನಾಗಿದೆ ಎಂದಿದ್ದ. ಮಳೆ ಬಂದ ದಿನ ಒಂದೊಂದು ಸಲ ಸ್ಟಾರ್ಟ್ ಆಗುವುದಿಲ್ಲ ಎಂದು ಮಹೇಶನೇ ಹೇಳಿದ್ದ, ಬ್ಯಾಟರಿ ಇರಬೇಕು ಎಂದು. ಆದರೂ ಅವಳ ಮನಸ್ಸು ಕೆಂಪು ಬಣ್ಣದಲ್ಲೇ ನಿಂತಿತ್ತು. ಮುಂದಿನ ಸೋಮವಾರ ದೇವಸ್ಥಾನದ ಮುಂದೆ ಗಾಡಿ ಪೂಜೆ ಎಂದೂ ಗೊತ್ತು ಮಾಡಿಯಾಗಿತ್ತು.

ನನಗೆ ಚಿಂತೆ ಹತ್ತಿದ್ದು ಅದೇ. ನಮ್ಮ ಕಡೆ ಒಂದು ರೂಢಿ ಇದೆ. ಒಂದಿಷ್ಟು ಮುಂಗಡ ಕೊಟ್ಟು ಗಾಡಿ ತಂದು, ಕಾಗದ ಪತ್ರ ಆಗುವ ಮೊದಲೇ ಪೂಜೆ ಮಾಡಿಸಿ ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿಬಿಡುತ್ತಾರೆ. ಚಕ್ರ ಹರಿದ ಮೇಲೆ ಆ ಗಾಡಿಯನ್ನು ವಾಪಸು ಕೊಡಬಾರದು. ಕೆಟ್ಟ ಗಾಡಿ ಎಂದು ಮಾರನೆಯ ದಿನವೇ ಗೊತ್ತಾದರೂ, ಪೂಜೆ ಆಗಿಹೋಯಿತಲ್ಲ ಎಂದು ಇಟ್ಟುಕೊಂಡು ವರ್ಷಗಟ್ಟಲೆ ಒದ್ದಾಡಿದವರನ್ನು ಅಂಗಡಿಯಲ್ಲಿ ಕಂಡಿದ್ದೇನೆ. ದೇವರು ಹಾಗೇನೂ ಹೇಳಿಲ್ಲ. ನಾವೇ ಮಾಡಿಕೊಂಡದ್ದು. ಆದರೆ ನನ್ನ ಮಗಳ ಮನೆಯಲ್ಲೂ ಅದನ್ನು ಮೀರುವ ಧೈರ್ಯ ಯಾರಿಗೂ ಇಲ್ಲ. ಏನು ಹೇಳುವುದಿದ್ದರೂ ಸೋಮವಾರದ ಒಳಗೆ ಹೇಳಬೇಕು.

ಗುರುವಾರ ಮಹೇಶ ಕಾರನ್ನು ನಮ್ಮ ಬಾಗಿಲಿಗೆ ತಂದ. ರಮ್ಯ ನನ್ನನ್ನು ಕೈಹಿಡಿದು ಮುಂದಿನ ಸೀಟಿನಲ್ಲಿ ಇಳಿಸಿದಳು.

"ಸೀಟ್ ನೋಡಿ ಹೇಳಜ್ಜಿ. ನೀನ್ ಹೂಂ ಅಂದ್ರೆ ಮುಗೀತು. ನೋಡು, ಒಂದ್ ವಾರ್ನಿಂಗ್ ಲೈಟೂ ಉರಿಯಲ್ಲ."

ಬೀಗದ ಕೈ ತಿರುಗಿಸು ಎಂದೆ. ದೀಪಗಳು ಹೊತ್ತಿಕೊಂಡವು, ಆರಿದವು. ಮತ್ತೊಮ್ಮೆ ತಿರುಗಿಸು ಎಂದೆ. ಮನುಷ್ಯನ ಮುಂದೆ ಚೆಂಡಿನ ಚಿತ್ರ ಹೊತ್ತಿಕೊಳ್ಳಲೇ ಇಲ್ಲ. ಕೈಯನ್ನು ಸೀಟಿನ ಅಡಿಗೆ ಹಾಕಿದೆ. ಮುಂದಿನ ಅಂಚಿನ ಮೂಲೆಯಲ್ಲಿ ಬೆರಳಿಗೆ ಮೂರು ಹೊಲಿಗೆ ಸಿಕ್ಕವು, ಕೈಯಲ್ಲಿ ಹಾಕಿದ್ದವು. ಮೂರೂ ಎಡಕ್ಕೆ ವಾಲಿದ್ದವು.

ಮಹೇಶನಿಗೆ ಕಾಫಿ ಕೊಟ್ಟು ಕಳಿಸಿದೆವು.

ಆ ಮೂರು ಹೊಲಿಗೆ ನನ್ನವೇ, ಹಾಕಿದ್ದು ನಾನು ಕೆಲಸ ಬಿಡುವುದಕ್ಕೆ ನಾಲ್ಕು ವರ್ಷ ಮುಂಚೆ. ಆ ಮಳೆಗಾಲ ಕಪಿಲೆ ಉಕ್ಕಿ ತಗ್ಗಿನ ಬೀದಿಗಳಿಗೆಲ್ಲ ನುಗ್ಗಿದ್ದಳು. ನೀರು ಇಳಿದ ಮೇಲೆ ಒಬ್ಬ ದಲ್ಲಾಳಿ ಮುಳುಗಿದ ಗಾಡಿಗಳನ್ನು ಸಸ್ತಾದಲ್ಲಿ ಹಿಡಿದು, ಸಾಲಾಗಿ ನಮ್ಮ ಅಂಗಡಿಯ ಹಿಂದೆ ತಂದು ಬಿಡತೊಡಗಿದ. ಈ ಕೆಂಪು ಕಾರು ಅದರಲ್ಲೊಂದು. ಸೀಟು ಬಿಚ್ಚಿದರೆ ಫೋಮಿನಿಂದ ಹಿಂಡಿದ ಹಾಗೆ ಕೆಸರುನೀರು ಇಳಿಯಿತು. ಕೊಳೆತ ಭತ್ತದ ವಾಸನೆ. ಅಡಿಯ ಕಬ್ಬಿಣ ಆಗಲೇ ಕೆಂಪಾಗಿತ್ತು. ಗಾಳಿಚೀಲಕ್ಕೆ ಹೋಗುವ ಹಳದಿ ವೈರಿನ ಗಂಟುಗಳಲ್ಲಿ ಸೆಗಣಿಯಂಥ ಮಣ್ಣು. ಇದನ್ನು ಕೊಳ್ಳುವವನಿಗೆ ಹೇಳುತ್ತಾರಾ ಎಂದು ಮೇಸ್ತ್ರಿಯನ್ನು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ.

"ನಮ್ದು ಸೂಜಿ ಕೆಲ್ಸ ಕಣವ್ವ. ವೈರು, ಇಂಜಿನ್ನು ನಮಗ್ಯಾಕೆ? ಹೊಸ ಫೋಮ್ ಹಾಕಿ ಮುಚ್ಚು."

ಮುಚ್ಚಿದೆ. ಅಂಗಡಿಗೆ ಆ ವರ್ಷ ಬೇರೆ ಕೆಲಸ ಇರಲಿಲ್ಲ ಎಂದು ಬೇಕಾದರೆ ಹೇಳಬಹುದು. ಹೇಳಿದರೂ ಮುಚ್ಚಿದ ಕೈ ನನ್ನದೇ. ಆ ಕೆಂಪು ಸೀಟು ನಾನು ಹೊಲಿದವುಗಳಲ್ಲೆಲ್ಲ ಚೆನ್ನಾಗಿ ಬಂದಿತ್ತು. ಮೇಸ್ತ್ರಿ ಅದರ ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ.

ಇಷ್ಟನ್ನೂ ರಮ್ಯನಿಗೆ ಹೇಳಿದೆ. ಅವಳು ಕೇಳಿದಳು, ಮುಖ ಕೆಂಪಗೆ ಮಾಡಿಕೊಂಡಳು, ಆಮೇಲೆ ಲೆಕ್ಕಾಚಾರಕ್ಕೆ ಇಳಿದಳು. ಈಗ ಗೊತ್ತಾಯಿತಲ್ಲ, ಕಡಿಮೆಗೆ ಕೇಳೋಣ, ತಂದು ರಿಪೇರಿ ಮಾಡಿಸಿಕೊಳ್ಳೋಣ ಎಂದಳು. ಸೀಟನ್ನು ಬದಲಾಯಿಸಬಹುದು, ಇಡೀ ಕಾರಿನ ಮೈಯೊಳಗೆ ಹರಿದಾಡಿರುವ ವೈರನ್ನು ಎಲ್ಲಿಂದ ಎಲ್ಲಿಗೆ ಬದಲಾಯಿಸುತ್ತೀಯ ಎಂದು ಕೇಳಿದೆ. ಒಂದು ಗಂಟು ಸರಿ ಮಾಡಿದರೆ ಇನ್ನೊಂದು ಕಿಲುಬು ಹಿಡಿಯುತ್ತದೆ. ಗೇರು ಕೆಟ್ಟರೆ ದಾರಿಯಲ್ಲಿ ನಿಲ್ಲುತ್ತೀಯ, ನಿಂತರೆ ನಿಂತೆ, ಬಸ್ಸು ಸಿಗುತ್ತದೆ. ಗುದ್ದಿದ ಹೊತ್ತಿನಲ್ಲಿ ಚೀಲ ಬಿಚ್ಚದಿದ್ದರೆ ಬಸ್ಸು ಹತ್ತುವುದಕ್ಕೆ ನೀನೇ ಇರುವುದಿಲ್ಲ. ಬೇಡ ಅಂದರೆ ಬೇಡ.

ಅವಳು ಒಳ್ಳೆಯದು, ಕೆಟ್ಟದ್ದು ಬರೆದುಕೊಂಡಿದ್ದ ಹಾಳೆಯನ್ನು ಮಡಿಸಿಟ್ಟಳು. ಆಮೇಲೆ ಸರಿ, ಮನೆಯಲ್ಲಿ ಒಪ್ಪಲಿಲ್ಲ ಎಂದು ಮಹೇಶಣ್ಣನಿಗೆ ಫೋನ್ ಮಾಡಿಬಿಡುತ್ತೇನೆ ಎಂದಳು. ಹಾಗೆ ಹೇಳುವುದು ಬೇಡ, ಇದ್ದದ್ದನ್ನು ಹೇಳಬೇಕು ಎಂದೆ. ಯಾಕೆ ಎಂದು ತಿರುಗಿಬಿದ್ದಳು.

"ಅಂಗಾರೆ ಅವ್ರಿಗೆ ಟೋಪಿ ಹಾಕ್ದೋಳು ನೀನೇ ತಾನೇ? ಅದ್ನೂ ಹೇಳ್ತೀಯಾ?"

"ಅದ್ನೇ ಹೇಳಾಕೆ ಓಗೋದು," ಅಂದೆ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ನನ್ನ ಹಳೆಯ ಚೀಲದಲ್ಲಿ ಬ್ಲೇಡು, ದಬ್ಬಳ, ಮೇಣದ ದಾರ, ಇಕ್ಕಳ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಆಮೇಲೆ ಆಟೊ. ಮಹೇಶನ ಮನೆ ಮುಂದೆ ತೆಂಗಿನ ನೆರಳಿನಲ್ಲಿ ಕಾರು ಮಿರಮಿರ ಮಿಂಚುತ್ತಿತ್ತು. ಪೂಜೆಗೆ ಎಂದು ತೊಳೆದಿದ್ದ. ಅವನ ಹೆಂಡತಿ ಗೀತ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದ ಊದಿತ್ತು.

ಸೀಟು ಬಿಚ್ಚಬೇಕು ಎಂದಾಗ ಮಹೇಶ ಮೊದಲು ನಕ್ಕ, ಆಮೇಲೆ ಅಡ್ಡ ನಿಂತ. ನಾಳೆ ಪೂಜೆ ಇಟ್ಟುಕೊಂಡು ಇವತ್ತು ಕುಯ್ಯುವುದೇ ಎಂದ. ನಾನು ಬಿಚ್ಚಿದ್ದನ್ನು ನಾನೇ ಸರಿ ಮಾಡಿಕೊಟ್ಟು ಹೋಗುತ್ತೇನೆ ಎಂದೆ. ಒಪ್ಪಿದ. ನನ್ನ ಮೂರು ಹೊಲಿಗೆಯಿಂದಲೇ ಬ್ಲೇಡು ಹಾಕಿದೆ. ಮುಂದಿನ ಅಂಚು ಪೂರ್ತಿ ಬಿಚ್ಚಿಕೊಂಡಿತು. ಫೋಮ್ ಎತ್ತಿ ಹಿಡಿದೆ. ಅಡಿಯ ಕಬ್ಬಿಣ ಹಪ್ಪಳದ ಹಾಗೆ ಎದ್ದಿತ್ತು. ಹಳದಿ ವೈರಿನ ಗಂಟು ಹಸಿರು ಕಿಲುಬು ತುಂಬಿ ಊದಿತ್ತು. ಸೀಟು ಜಾರುವ ಕಂಬಿಯ ಸಂದಿಯಲ್ಲಿ ಬೂದು ಬಣ್ಣದ ನಯವಾದ ಮಣ್ಣು ಇತ್ತು. ಹೊಳೆ ಬಿಟ್ಟುಹೋಗುವ ಮಣ್ಣು ಅದು. ರಮ್ಯ ಹಿಂದಿನ ಸೀಟಿನ ಬೆಲ್ಟನ್ನು ಎಳೆದಳು. ಎಳೆಯುತ್ತಲೇ ಹೋಗು, ಕೊನೆ ಮುಟ್ಟುವವರೆಗೆ ಎಂದು ನಾನೇ ಹೇಳಿದ್ದೆ. ಕೊನೆಯ ಮೊಳದಲ್ಲಿ ನೀರು ನಿಂತ ಗೆರೆ ಕಂದು ಬಣ್ಣಕ್ಕೆ ಅಚ್ಚಾಗಿ ಕೂತಿತ್ತು.

ಮಹೇಶ ಬಗ್ಗಿ ನೋಡಿದ, ಮತ್ತೆ ನೋಡಿದ. ಬಗ್ಗಿದ್ದವನು ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟ.

"ಯಾವ್ ನನ್ಮಗ ಮುಚ್ಚಿದ್ದು ಇದ್ನ?"

"ನಾನೇ ಕಣಪ್ಪ. ಗೊತ್ತಿದ್ದೇ ಮುಚ್ಚಿದ್ದು."

ಹೇಗೆ, ಏನು ಎಂದು ಎಲ್ಲ ಹೇಳಿದೆ. ಮೇಸ್ತ್ರಿ ಹೇಳಿದ್ದನ್ನೂ ಹೇಳಿದೆ, ನಾನು ಒಪ್ಪಿದ್ದನ್ನೂ ಹೇಳಿದೆ. ಅವನು ಬೈಯುತ್ತಾನೆ ಎಂದು ಕಾದೆ. ಬೈಸಿಕೊಳ್ಳುವುದಕ್ಕೆ ತಯಾರಾಗಿಯೇ ಹೋಗಿದ್ದೆ. ಅವನು ಬೈಯಲಿಲ್ಲ. ಎದ್ದು ಪಂಚೆ ಕೊಡವಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದ.

"ಆಯ್ತು ಬುಡಿ. ಎಂಗಿತ್ತೋ ಅಂಗೇ ಮುಚ್ಕೊಡಿ. ನಿಮ್ಗೆ ಬ್ಯಾಡ, ದೂರದೋರು ಯಾರಾರ ತಕ್ಕೋತಾರೆ. ನಿಮಗೇನ್ ಇದು ಹೊಸಾದಾ?"

ಆ ಮಾತು ಚೆನ್ನಾಗಿಯೇ ತಾಗಿತು. ಅವನು ಕೇಳಿದ್ದು ತಪ್ಪೆನ್ನಲೂ ನನಗೆ ಬಾಯಿಲ್ಲ. ಅವನೂ ಮೋಸ ಹೋದವನೇ, ಅದೂ ನನ್ನಿಂದ. ಮುಚ್ಚಿಕೊಟ್ಟರೆ ಅವನ ಪಾಡು ನೀಗುತ್ತದೆ. ಬಿಚ್ಚಿಟ್ಟು ಹೋದರೆ ಆಡಿದ ಮಾತು ತಪ್ಪುತ್ತೇನೆ. ರಮ್ಯ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಚೀಲಕ್ಕೆ ಕೈ ಹಾಕಿ ತಳದಲ್ಲಿದ್ದ ಒಂದು ಉದ್ದನೆಯ ಜಿಪ್ ತೆಗೆದೆ. ಜೀಪಿನ ಟಾರ್ಪಾಲಿಗೆ ಹಾಕುವಂಥ ದಪ್ಪ ಹಲ್ಲಿನದು.

"ಸರಿ ಮಾಡ್ಕೊಡ್ತೀನಿ ಅಂದಿದ್ದೆ, ಮಾಡ್ಕೊಡ್ತೀನಿ. ಹೊಲಿಗೆ ಹಾಕಲ್ಲ. ಇದ್ನ ಹಾಕ್ತೀನಿ. ಯಾರು ಬಂದ್ರೂ ಎಳ್ದು ಒಳೀಕ್ ನೋಡ್ಲಿ."

ಇದನ್ನು ನೋಡಿ ಯಾವನು ಕೊಳ್ಳುತ್ತಾನೆ ಎಂದು ಅವನು ರೇಗಿದ. ನೋಡಿಯೂ ಕೊಳ್ಳುವವನು ಸಿಕ್ಕರೆ ಮಾರು, ಇಲ್ಲದಿದ್ದರೆ ಚಕ್ರ, ಇಂಜಿನ್ನು ಬಿಡಿಬಿಡಿಯಾಗಿ ಹೋಗುತ್ತವೆ, ಬೇಕಾದರೆ ಗಿರಾಕಿಯನ್ನು ನಾನೇ ಹುಡುಕುತ್ತೇನೆ ಎಂದೆ. ಅವನು ತೋಟದ ಕಡೆ ಹೊರಟುಹೋದ. ನಾನು ಕೂತು ಹಾಕಿದೆ. ದಬ್ಬಳ ಎರಡು ಸಲ ಬೆರಳಿಗೆ ನಟ್ಟಿತು. ಕಣ್ಣು ಕಾಣದ ಕಡೆ ರಮ್ಯ ದಾರ ಎಳೆದುಕೊಟ್ಟಳು.

ಮುಗಿಯುವ ಹೊತ್ತಿಗೆ ಗೀತ ಜಗಲಿಯಿಂದ ಇಳಿದು, ಬಾಗಿಲು ಹಿಡಿದುಕೊಂಡು ಬಂದು ನಿಂತಳು. ಜಿಪ್ಪನ್ನು ಅವಳೇ ಎಳೆದಳು. ಒಳಗೆ ನೋಡಿದಳು. ಅಷ್ಟು ಹೊತ್ತಿಗೆ ಮಹೇಶ ವಾಪಸು ಬಂದಿದ್ದ.

"ನಂಗೆ ನೋವ್ ಬಂದಾಗ ಇದ್ರಲ್ಲೇ ಮೈಸೂರ್ಗೆ ಕರ್ಕೊಂಡೋಯ್ತೀನಿ ಅಂತಿದ್ರಲ್ಲ," ಎಂದಳು. ಜಿಪ್ಪನ್ನು ಹಾಗೇ ತೆರೆದು ಬಿಟ್ಟಳು. "ಬೇರೇರ ಎಡ್ತೀರೂ ಬಸ್ರಿ ಆಯ್ತಾರೆ. ಮುಚ್ಬ್ಯಾಡಿ ಇದ್ನ."

ಅವನು ಮುಚ್ಚಲಿಲ್ಲ. ನಮಗೆ ಎಳನೀರು ಕೊಚ್ಚಿಕೊಟ್ಟ, ಮುಖ ಗಂಟು ಹಾಕಿಕೊಂಡೇ. ಸೋಮವಾರದ ಪೂಜೆ ನಿಂತಿತು.

ವಾಪಸು ಬರುವ ಬಸ್ಸಿನಲ್ಲಿ ರಮ್ಯ ಕಿಟಕಿ ಕಡೆ ಕೂತಿದ್ದಳು. ಕಾರು ತಪ್ಪಿದ್ದಕ್ಕೆ ಅಳುತ್ತಾಳೇನೋ ಎಂದುಕೊಂಡೆ. ಅವಳು ಬೇರೆಯದೇ ಕೇಳಿದಳು.

"ಅಜ್ಜಿ, ಆ ದಲ್ಲಾಳಿ ಸಾಲಾಗಿ ತಂದ ಗಾಡಿಲಿ ನೀನು ಎಷ್ಟು ಮುಚ್ದೆ?"

"ಏಳು," ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇದ್ ಬುಟ್ರೆ ಆರು."

ಅವು ಎಲ್ಲೆಲ್ಲಿ ಓಡುತ್ತಿವೆಯೋ ಗೊತ್ತಿಲ್ಲ. ಯಾರ ಮಕ್ಕಳು ಕೂತಿದ್ದಾರೋ ಗೊತ್ತಿಲ್ಲ. ಬಣ್ಣ, ಮಾಡೆಲ್ಲು ನನಗೆ ನೆನಪಿರುವಷ್ಟನ್ನು ರಮ್ಯ ಬರೆದುಕೊಂಡಿದ್ದಾಳೆ. ಮೇಸ್ತ್ರಿ ಈಗಿಲ್ಲ, ಅವರ ಮಗ ಹಳೆಯ ಗಿರಾಕಿಗಳ ಹೆಸರು ಹುಡುಕಿಕೊಡುತ್ತೇನೆ ಎಂದಿದ್ದಾನೆ, ಮನಸ್ಸಿಲ್ಲದ ಮನಸ್ಸಿನಿಂದ. ಅವುಗಳಲ್ಲಿ ಒಂದು ಬಿಳಿ ವ್ಯಾನು ತಾಂಡವಪುರದ ಕಡೆ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದೆ ಎಂದು ಸುದ್ದಿ ಸಿಕ್ಕಿದೆ. ಬರುವ ಭಾನುವಾರ ಅಲ್ಲಿಗೆ ಹೋಗುತ್ತೇವೆ. ಬಾಗಿಲಲ್ಲೇ ತಡೆದರೆ ತಡೆಯಲಿ, ಇನ್ನೊಂದು ಭಾನುವಾರ ಹೋಗುತ್ತೇವೆ.

ನೀವು ಮೂವರೂ ಈ ಕೆಲಸಕ್ಕೆ ಹೋಗಿ. ಹೊಟ್ಟೆಗೆ ಮೋಸವಿಲ್ಲ. ಸೀಟು ಬಿಚ್ಚಿದಾಗ ಒಳಗೆ ಕಂಡದ್ದನ್ನು ಗಾಡಿಯವನಿಗೆ ಹೇಳಿ ಆಮೇಲೆ ಸೂಜಿ ಎತ್ತಿಕೊಳ್ಳಿ. ಯಜಮಾನ ಬೇಡವೆಂದರೆ ಸೂಜಿ ಅವನ ಕೈಗೇ ಕೊಟ್ಟು ಬನ್ನಿ. ನಾನು ಕೊಡಲಿಲ್ಲ. ಮೊನ್ನೆ ಪೇಟೆಗೆ ಹೋಗಿ ದಪ್ಪ ಹಲ್ಲಿನ ಆರು ಜಿಪ್ ತಂದಿಟ್ಟಿದ್ದೇನೆ.